ಎದೆಹಾಲಿನ ಕೂಸು, ಮರುಕಳಿಸುವ ಕಿವಿನೋವು

ಎರಡು ದಿನಗಳಿಂದ ಮೂಗು ಸೋರಿಸಿಕೊಂಡೇ ಆಡಿಕೊಂಡಿದ್ದ ಒಂದೂವರೆ ವರ್ಷದ ಕೂಸು, ಮಳೆಗಾಲದ ಒಂದು ನಡುರಾತ್ರಿ ಹಠಾತ್ತನೆ ಚೀರಿ ಎದ್ದು ಕೂರುತ್ತದೆ. ಹೆಗಲಿಗೆ ಹಾಕಿಕೊಂಡರೆ ಕೊಂಚ ಶಾಂತವಾಗುತ್ತದೆ, ಮಲಗಿಸಿದೊಡನೆ ಮತ್ತೆ ಅಳುತ್ತದೆ. ಮೈ ಸುಡುತ್ತಿದೆ, ಪುಟ್ಟ ಕೈ ಪದೇ ಪದೇ ಒಂದೇ ಕಿವಿಯ ಕಡೆಗೆ ಹೋಗುತ್ತಿದೆ, ತಾಯಿ ಮೊಲೆಯೂಡಿಸಹೋದರೆ ನಾಲ್ಕು ಗುಟುಕು ಹೀರಿ, ನುಂಗುವಾಗಿನ ನೋವನ್ನು ತಾಳಲಾರದೆ ಬಾಯಿ ಬಿಟ್ಟು ತಲೆ ಹೊರಳಿಸುತ್ತದೆ. ಅಜ್ಜಿ ಒಗ್ಗರಣೆ ಸೌಟಿನಲ್ಲಿ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಲು ಅಡಿಗೆಮನೆಗೆ ಹೋಗುತ್ತಾರೆ. ಬೆಳಗಿನ ಜಾವಕ್ಕೆ ದಿಂಬಿನ ಮೇಲೆ ಹಳದಿ ಕಲೆಯೊಂದು ಕಾಣಿಸಿಕೊಂಡು, ಅಷ್ಟು ಹೊತ್ತು ಅತ್ತ ಕೂಸು ನಿದ್ರೆಹೋಗಿರುತ್ತದೆ. ಒಳಗೆ ತುಂಬಿದ ಕೀವು ಕಿವಿಯ ತಮಟೆಯನ್ನು ಸೀಳಿಕೊಂಡು ಹೊರಬಂದಾಗ ನೋವು ಇಳಿಯುವುದು ಸಹಜವೇ.

ಇಂಥ ಮನೆಗಳಲ್ಲಿ ಮರುದಿನ ಕೇಳಿಬರುವ ಮಾತು ಸಾಮಾನ್ಯವಾಗಿ ಒಂದೇ: “ರಾತ್ರಿಯೆಲ್ಲ ಮಲಗಿಕೊಂಡೇ ಹಾಲು ಕುಡಿಸ್ತೀಯಲ್ಲಮ್ಮ, ಹಾಲು ಕಿವಿಗೆ ಇಳಿದುಬಿಟ್ಟಿದೆ. ವರ್ಷವಾಯಿತು, ಇನ್ನಾದರೂ ಹಾಲು ಬಿಡಿಸು.” ಹೇಳುವವರ ಮನಸ್ಸಿನಲ್ಲಿ ದುರುದ್ದೇಶವೇನೂ ಇರುವುದಿಲ್ಲ. ಆದರೆ ಆರು ತಿಂಗಳಲ್ಲಿ ಮೂರನೆಯ ಸಲ ಮಗುವಿನ ಕಿವಿ ಸೋರುವುದನ್ನು ಕಂಡು ಕಂಗೆಟ್ಟಿರುವ ತಾಯಿಯ ಮೇಲೆ ಈ ಮಾತು ಎರಡು ಬಗೆಯ ಅನ್ಯಾಯವನ್ನು ಮಾಡುತ್ತದೆ: ಆಕೆಯದಲ್ಲದ ಅಪರಾಧವನ್ನು ಆಕೆಯ ತಲೆಗೆ ಕಟ್ಟುತ್ತದೆ, ಮಗುವಿಗಿರುವ ರಕ್ಷಣೆಗಳಲ್ಲಿ ಪ್ರಧಾನವಾದೊಂದನ್ನು ಕಿತ್ತುಹಾಕುವಂತೆ ಪ್ರೇರೇಪಿಸುತ್ತದೆ. ಕಿವಿಯೊಳಗೆ ವಾಸ್ತವವಾಗಿ ನಡೆಯುವುದೇನೆಂಬುದನ್ನು ಅರಿತರೆ, ಬಿಡಿಸಬೇಕಾದದ್ದು ಯಾವುದು, ಉಳಿಸಿಕೊಳ್ಳಬೇಕಾದದ್ದು ಯಾವುದು ಎಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.

ಮೂಗಿನ ಹಿಂದಿನಿಂದ ಬರುವ ದಾರಿ

ಹೊರಗಿನಿಂದ ನಮಗೆ ಕಾಣುವ ಕಿವಿಯ ರಂಧ್ರವು ಒಳಗೆ ಹೋಗಿ ತಮಟೆಯೆಂಬ ತೆಳುಪೊರೆಯಲ್ಲಿ ಮುಗಿಯುತ್ತದೆ. ಆ ಪೊರೆಯ ಆಚೆಗಿರುವ ಗಾಳಿ ತುಂಬಿದ ಪುಟ್ಟ ಕೋಣೆಯೇ ಮಧ್ಯಕರ್ಣ. ಎಳೆಯ ಮಕ್ಕಳನ್ನು ಕಾಡುವ ಕಿವಿಯ ಸೋಂಕು ಬಹುಮಟ್ಟಿಗೆ ಈ ಕೋಣೆಯ ರೋಗವಾಗಿದ್ದು, ರೋಗಾಣುಗಳು ಇಲ್ಲಿಗೆ ಬರುವುದು ಹೊರಗಿನಿಂದಲ್ಲ, ಮೂಗಿನ ಹಿಂಭಾಗದಿಂದ ಹೊರಟು ಮಧ್ಯಕರ್ಣವನ್ನು ಸೇರುವ ಒಂದು ಸೂಕ್ಷ್ಮ ನಾಳದ ಮೂಲಕ. 16ನೆಯ ಶತಮಾನದ ಇಟಲಿಯ ಶರೀರರಚನಾಶಾಸ್ತ್ರಜ್ಞ ಬಾರ್ತೊಲೊಮಿಯೊ ಯುಸ್ಟಾಕಿಯ ಹೆಸರಿನಿಂದ ಅದನ್ನು ಯುಸ್ಟೇಷಿಯನ್ ನಾಳವೆಂದು ಕರೆಯುತ್ತಾರೆ.

ನಾವು ನುಂಗಿದಾಗ, ಆಕಳಿಸಿದಾಗ ಈ ನಾಳ ಕ್ಷಣಮಾತ್ರ ತೆರೆದುಕೊಂಡು ಮಧ್ಯಕರ್ಣಕ್ಕೆ ಗಾಳಿಯನ್ನೊದಗಿಸುತ್ತದೆ. ಅಲ್ಲಿ ಒಸರುವ ದ್ರವವನ್ನು ಗಂಟಲಿನ ಕಡೆಗೆ ಹರಿಸುತ್ತದೆ. ವಯಸ್ಕರಲ್ಲಿ ಇದು ಸುಮಾರು 35 ಮಿಲಿಮೀಟರ್ ಉದ್ದವಿದ್ದು 45 ಡಿಗ್ರಿಯಷ್ಟು ಓರೆಯಾಗಿ ಇಳಿಯುತ್ತದೆ. ಶಿಶುವಿನಲ್ಲಾದರೋ ಉದ್ದ ಅದರ ಅರ್ಧದಷ್ಟು, ಓರೆ ಕೇವಲ 10 ಡಿಗ್ರಿಯ ಆಸುಪಾಸು. ತೆರೆಯುವ ಸ್ನಾಯುಗಳೂ ಇನ್ನೂ ದುರ್ಬಲ. ಇಳಿಜಾರು ಕೊಡದೆ ಹಾಕಿದ ಬಚ್ಚಲ ಕೊಳವೆಯಂತೆ, ಅದರಲ್ಲಿ ಹೊರಗೆ ಹೋಗಬೇಕಾದದ್ದು ನಿಲ್ಲುತ್ತದೆ, ಒಳಗೆ ಬರಬಾರದ್ದು ಬರುತ್ತದೆ.

ಇಂಥ ನಾಳವಿರುವ ಮಗುವಿಗೆ ನೆಗಡಿಯಾಯಿತೆನ್ನಿ. ಮೂಗಿನ ಒಳಪೊರೆಯೊಡನೆ ನಾಳದ ಒಳಪೊರೆಯೂ ಊದಿಕೊಳ್ಳುತ್ತದೆ, ದಾರಿ ಮುಚ್ಚುತ್ತದೆ, ಮಧ್ಯಕರ್ಣದ ಗಾಳಿಯನ್ನು ಸುತ್ತಣ ಅಂಗಾಂಶ ಹೀರಿಕೊಂಡು ಅಲ್ಲಿ ಒತ್ತಡ ಕುಸಿಯುತ್ತದೆ, ಆ ಕುಸಿತದಿಂದಾಗಿ ದ್ರವ ಒಸರುವುದಲ್ಲದೆ, ಮೂಗಿನ ಹಿಂದೆ ನಿರುಪದ್ರವಿಗಳಾಗಿ ನೆಲೆಸಿದ್ದ ಬ್ಯಾಕ್ಟೀರಿಯಗಳು ನಾಳದೊಳಕ್ಕೆ ಸೆಳೆಯಲ್ಪಟ್ಟು ಆ ದ್ರವದಲ್ಲಿ ಯಥೇಚ್ಛವಾಗಿ ವೃದ್ಧಿಹೊಂದುತ್ತವೆ. ನ್ಯುಮೊಕಾಕಸ್, ಹಿಮೊಫಿಲಸ್ ಇನ್‌ಫ್ಲುಯೆಂಜೆ, ಮೊರಾಕ್ಸೆಲ್ಲ ಎಂಬ ಮೂರು ಅಣುಜೀವಿಗಳೇ ಇಲ್ಲಿ ಮುಖ್ಯ ಪಾತ್ರಧಾರಿಗಳು.

ಆದ್ದರಿಂದ ತಲೆಗೆ ನೀರು ಹಾಕುವಾಗ ಕಿವಿಗೆ ನೀರು ಹೋದದ್ದರಿಂದ, ಕುಲಾವಿ ಕಟ್ಟದೆ ಹೊರಗೆ ಕರೆದೊಯ್ದು ಕಿವಿಗೆ ಗಾಳಿ ಹೊಕ್ಕದ್ದರಿಂದ ಒಳಗಿವಿ ಕೀವಾಯಿತೆನ್ನುವುದು ಸರಿಯಲ್ಲ. ತಮಟೆ ಅಖಂಡವಾಗಿರುವ ತನಕ ನೀರಾಗಲಿ ಗಾಳಿಯಾಗಲಿ ಅದನ್ನು ದಾಟಿ ಮಧ್ಯಕರ್ಣವನ್ನು ಮುಟ್ಟಲಾರವು. ತಮಟೆ ತೂತಾಗಿ ಸೋರುತ್ತಿರುವ ಕಿವಿಯ ಮಾತು ಬೇರೆ. ಅದನ್ನು ಒದ್ದೆಯಾಗದಂತೆ ಕಾಪಾಡಲೇಬೇಕು.

ಎದೆಹಾಲಿನ ಶಕ್ತಿ, ಎದೆಹಾಲಿನ ಮಿತಿ

ತಾಯಿಯ ಹಾಲಿನಲ್ಲಿ ಪೋಷಣೆಯ ಅಂಶಗಳಷ್ಟೇ ಅಲ್ಲದೆ, ರೋಗಾಣುಗಳನ್ನು ಮೂಗು ಗಂಟಲುಗಳ ಒಳಪೊರೆಗೆ ಅಂಟಿಕೊಳ್ಳಗೊಡದ ಪ್ರತಿಕಾಯಗಳೂ, ಅವುಗಳಿಗೆ ಬೇಕಾದ ಕಬ್ಬಿಣಾಂಶವನ್ನು ಸಿಕ್ಕದಂತೆ ಮಾಡುವ ಲ್ಯಾಕ್ಟೊಫೆರಿನ್ ಎಂಬ ಪ್ರೋಟೀನೂ, ಬ್ಯಾಕ್ಟೀರಿಯಗಳಿಗೆ ಹುಸಿ ನೆಲೆಯೊಡ್ಡಿ ಅವನ್ನು ವಂಚಿಸುವ ವಿಶಿಷ್ಟ ಶರ್ಕರಗಳೂ ಇರುತ್ತವೆ. ತಾಯಿ ತಾನು ಉಸಿರಾಡುವ ಗಾಳಿಯಲ್ಲಿರುವ ರೋಗಾಣುವಿಗೆ ತಕ್ಕ ಪ್ರತಿಕಾಯವನ್ನು ನಿರ್ಮಿಸಿ, ಅದೇ ಗಾಳಿಯನ್ನು ಉಸಿರಾಡುವ ಮಗುವಿಗೆ ಹಾಲಿನ ಮೂಲಕ ದಾಟಿಸುತ್ತಾಳೆಂಬುದು, ಸ್ವಲ್ಪ ನಿಂತು ಯೋಚಿಸಿದರೆ, ಸೃಷ್ಟಿಯ ಪರಮಾಶ್ಚರ್ಯಗಳಲ್ಲೊಂದೆಂದೇ ನನಗೆ ತೋರುತ್ತದೆ.

ಈ ರಕ್ಷಣೆಯ ಪ್ರಮಾಣವನ್ನು ಅಳೆದು ನೋಡಿದ್ದಾರೆ. ಅಮೆರಿಕದ ಅರಿಜೋನ ರಾಜ್ಯದ ಟೂಸಾನ್ ನಗರದಲ್ಲಿ ಸಾವಿರಕ್ಕೂ ಮಿಕ್ಕ ಶಿಶುಗಳನ್ನು ಹುಟ್ಟಿದಂದಿನಿಂದ ಗಮನಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಲ್ಕು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ತಾಯಿಹಾಲೊಂದನ್ನೇ ಉಂಡ ಮಕ್ಕಳಿಗೆ ಮೊದಲ ವರ್ಷದಲ್ಲಿ ಬಂದ ಕಿವಿಯ ಸೋಂಕುಗಳ ಸರಾಸರಿ, ತಾಯಿಹಾಲನ್ನೇ ಕಾಣದ ಮಕ್ಕಳದರ ಅರ್ಧದಷ್ಟಿತ್ತು. ಮೊದಲ ಆರು ತಿಂಗಳು ಎದೆಹಾಲು ಮಾತ್ರ, ಆಮೇಲೆ ಇತರ ಆಹಾರದೊಡನೆ ಎರಡು ವರ್ಷ ಮತ್ತು ಅದರಾಚೆಗೂ ಎದೆಹಾಲು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಗೆ ಇರುವ ಆಧಾರಗಳಲ್ಲಿ ಇಂಥವೂ ಸೇರಿವೆ.

ಆದರೆ ಅರ್ಧಕ್ಕಿಳಿಯಿತೆಂದರೆ ಇನ್ನರ್ಧ ಉಳಿಯಿತೆಂದೇ ಅರ್ಥವಷ್ಟೆ. ಹಾಲು ನಾಳದ ಓರೆಯನ್ನು ಹೆಚ್ಚಿಸಲಾರದು. ತೆವಳುವುದನ್ನೂ ನಡೆಯುವುದನ್ನೂ ಕಲಿತು, ನೆರೆಮನೆಯ ಮಕ್ಕಳೊಡನೆಯೋ ಶಿಶುವಿಹಾರದಲ್ಲೋ ಬೆರೆತು, ಸಿಕ್ಕಿದ್ದೆಲ್ಲವನ್ನೂ ಬಾಯಿಗಿಡುವ ಕೂಸಿಗೆ ನೆಗಡಿಯೇ ಬಾರದಂತೆ ತಡೆಯಲಾರದು. ಈ ವಯಸ್ಸಿನ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿಯಾಗುವುದು ಸಾಮಾನ್ಯ. ಕಿವಿಯ ಸೋಂಕು ಅತ್ಯಂತ ಹೆಚ್ಚಾಗಿ ಕಾಣುವುದೂ ಆರು ತಿಂಗಳಿಂದ ಎರಡು ವರ್ಷದೊಳಗೇ. ತಂದೆತಾಯಿಯರಿಗೋ ಅಣ್ಣ ಅಕ್ಕಂದಿರಿಗೋ ಬಾಲ್ಯದಲ್ಲಿ ಕಿವಿ ಸೋರುತ್ತಿದ್ದರೆ ಸಂಭವ ಇನ್ನಷ್ಟು ಅಧಿಕ. ಹಾಗಾಗಿ ಎದೆಹಾಲುಣ್ಣುವ ಮಗುವಿಗೂ ಕಿವಿನೋವು ಬಂದಿತೆಂದರೆ ಹಾಲು ವಿಫಲವಾಯಿತೆಂದಲ್ಲ. ಹಾಲೊಂದಕ್ಕೇ ಹೊರಿಸಿದ್ದ ಕೆಲಸದಲ್ಲಿ ಮನೆಯವರೂ ಪಾಲು ಹಂಚಿಕೊಳ್ಳಬೇಕೆಂದು.

ಮಲಗಿ ಹಾಲೂಡಿದರೆ ದೋಷವೇ?

ಮಲಗಿ ಹಾಲು ಕುಡಿಸಬಾರದೆಂಬ ಮಾತು ನಿರಾಧಾರವಾಗಿ ಹುಟ್ಟಿದ್ದಲ್ಲ. ಅದು ಬಾಟಲಿಯ ಕುರಿತು ಹೇಳಿದ ಮಾತು, ಯಾರೂ ಗಮನಿಸದಂತೆ ಮೊಲೆಯ ಮೇಲೆ ಆರೋಪವಾಗಿ ಬಂದು ಕುಳಿತಿದೆ.

ಬಾಟಲಿಯನ್ನು ಬಾಯಿಗಿಟ್ಟು ಅಂಗಾತ ಮಲಗಿಸಿದಾಗ, ಮಗು ಚೀಪಲಿ ಬಿಡಲಿ, ಹಾಲು ತೊಟ್ಟಿಕ್ಕುತ್ತಲೇ ಇರುತ್ತದೆ. ಗಂಟಲಿನ ಹಿಂಭಾಗದಲ್ಲಿ ನಿಲ್ಲುತ್ತದೆ. ಹೆಚ್ಚು ಓರೆಯಿಲ್ಲದ ನಾಳದ ಬಾಯಿ ಅಲ್ಲೇ ಇರುವುದರಿಂದ ಅದರೊಳಕ್ಕೂ ಹರಿಯಬಹುದು. ಇಷ್ಟಲ್ಲದೆ, ಒಳಗೆ ಗಾಳಿ ಹೋಗದ ಬಾಟಲಿಯಿಂದ ಹೀರುವಾಗ ಉಂಟಾಗುವ ಸೆಳೆತ ಮಧ್ಯಕರ್ಣದ ಒತ್ತಡವನ್ನೂ ಕುಗ್ಗಿಸುತ್ತದೆ. ಮೊಲೆಯುಣ್ಣುವ ಕ್ರಮ ಇದಕ್ಕಿಂತ ಮೂಲತಃ ಭಿನ್ನವಾದದ್ದು. ತೊಟ್ಟು ಬಾಯಿಯ ಆಳಕ್ಕೆ ಹೋಗುತ್ತದೆ. ಮಗು ನಾಲಿಗೆ ದವಡೆಗಳನ್ನು ಆಡಿಸಿ ದುಡಿದಾಗ ಮುಖ್ಯವಾಗಿ ಹಾಲು ಬರುತ್ತದೆ, ಬಂದುದನ್ನು ಒಡನೆಯೇ ನುಂಗುತ್ತದೆ. ಪಕ್ಕಕ್ಕೆ ಹೊರಳಿ ತಾಯಿಯತ್ತ ಮುಖಮಾಡಿರುವುದರಿಂದ ಬಾಯಲ್ಲಿ ಮಿಕ್ಕ ಹಾಲು ಹಿಂದಕ್ಕೆ ಹೋಗುವುದಕ್ಕಿಂತ ಕೆನ್ನೆಯ ಮೇಲೆ ಇಳಿಯುವುದೇ ಹೆಚ್ಚು. ಒಂದು ವೇಳೆ ತೊಟ್ಟು ಹಾಲು ನಾಳದ ಬಾಯಿ ಮುಟ್ಟಿದರೂ, ಅದು ರೋಗಾಣುವಿರೋಧಿಯಾದ ತಾಯಿಹಾಲು. ರಾತ್ರಿಯ ಹಾಲನ್ನು ನಿಲ್ಲಿಸಿದ್ದರಿಂದ ಕಿವಿಯ ಸೋಂಕು ನಿಲ್ಲುತ್ತದೆಂಬುದಕ್ಕೆ ಪ್ರಮಾಣವಿಲ್ಲ. ಸದಾ ಮೂಗು ಕಟ್ಟಿರುವ ಕೂಸಿಗೆ ತಲೆಯನ್ನು ತಾಯಿಯ ತೋಳಿನ ಮೇಲೆ ಕೊಂಚ ಎತ್ತರಿಸಿಕೊಂಡು ಕುಡಿಸಿದರೆ ಉಸಿರಾಟ ಸುಗಮವಾಗುತ್ತದೆ, ಅಷ್ಟೆ. ಕುಡಿಸುವುದಕ್ಕೆ ಮೊದಲು ಮೂಗಿಗೆ ಒಂದೆರಡು ತೊಟ್ಟು ಉಪ್ಪುನೀರಿನ ಹನಿ ಹಾಕಿದರೂ ಇದೇ ಅನುಕೂಲ.

ತಿದ್ದಬೇಕಾದದ್ದು ಹಗಲಿನ ಕ್ರಮವನ್ನು. ತಾಯಿ ಕೆಲಸಕ್ಕೆ ಹೋದಾಗ ಕೂಸಿಗೆ ಬಾಟಲಿ ಕೊಟ್ಟು ತೊಟ್ಟಿಲಲ್ಲಿ ಮಲಗಿಸುವುದು, ಬಾಟಲಿಗೆ ದಿಂಬಿನ ಆಸರೆಕೊಟ್ಟು ಹೋಗುವುದು, ನಿದ್ರೆಗೆ ಜಾರಿದ ಮೇಲೂ ಅದನ್ನು ಬಾಯಲ್ಲೇ ಬಿಡುವುದು, ಇವು ನಿಜವಾಗಿಯೂ ಅಪಾಯಕರ. ಕಾಲು ನೀಡಿ, ಅದರ ಮೇಲೆ ಕೂಸನ್ನು ಅಂಗಾತ ಮಲಗಿಸಿ, ಬಾಯಿ ಒತ್ತಿಹಿಡಿದು ಒಳಲೆಯಿಂದ ಹಾಲೆರೆಯುವ ಹಳೆಯ ಪದ್ಧತಿಗೂ ಇದೇ ಮಾತು ಸಲ್ಲುತ್ತದೆ. ಒಳಲೆಯಲ್ಲಿ ದೋಷವಿಲ್ಲ, ಮಲಗಿಸುವ ಬಗೆಯಲ್ಲಿದೆ. ತಲೆ ಎತ್ತರಿಸಿ ಕೂರಿಸಿಕೊಂಡು, ಕೂಸು ನುಂಗಿದ ಮೇಲೆ ಮುಂದಿನ ಗುಟುಕು ಕೊಟ್ಟರೆ ಅದು ಬಾಟಲಿಗಿಂತ ಎಷ್ಟೋ ಮೇಲು. ವರ್ಷ ತುಂಬಿದ ಮಗುವಿಗೆ ಬಾಟಲಿಯ ಅಗತ್ಯವೇ ಇಲ್ಲ. ಹಿಂಡಿಟ್ಟ ತಾಯಿಹಾಲಾಗಲಿ ಹಸುವಿನ ಹಾಲಾಗಲಿ, ಪುಟ್ಟ ಲೋಟದಲ್ಲಿ ಕುಡಿಯಲು ಅದು ಸಮರ್ಥವಾಗಿರುತ್ತದೆ.

ಹೊಗೆ, ರಬ್ಬರು ತೊಟ್ಟು, ಕೈಯ ಕೊಳೆ

ಮೂಗಿನಿಂದ ಮಧ್ಯಕರ್ಣದವರೆಗಿನ ಒಳಪೊರೆಯ ಮೇಲೆ ಕಣ್ಣಿಗೆ ಕಾಣದ ರೋಮಗಳಿದ್ದು, ಅವು ನಿರಂತರವಾಗಿ ಅಲುಗಾಡುತ್ತ ಕಫವನ್ನೂ ರೋಗಾಣುಗಳನ್ನೂ ಹೊರದೂಡುತ್ತಿರುತ್ತವೆ. ತಂಬಾಕಿನ ಹೊಗೆ ಈ ರೋಮಗಳನ್ನು ನಿಶ್ಚೇಷ್ಟಗೊಳಿಸುತ್ತದೆ. ಬೀಡಿ ಸಿಗರೇಟು ಸೇದುವವರಿರುವ ಮನೆಯ ಮಕ್ಕಳಿಗೆ ಕಿವಿಯ ಸೋಂಕು ಹೆಚ್ಚೆಂಬುದು ಅನೇಕ ದೇಶಗಳ ಅಧ್ಯಯನಗಳಿಂದ ಸಿದ್ಧಪಟ್ಟಿದೆ. ಕೂಸಿನ ಮುಂದೆ ಸೇದದೆ ಜಗಲಿಗೆ ಹೋಗಿ ಸೇದಿ ಬಂದರೆ ಪೂರ್ತಿ ಪರಿಹಾರವಾಗದು. ಬಟ್ಟೆಗೂ ಕೂದಲಿಗೂ ಹತ್ತಿದ ಹೊಗೆಯೊಡನೆಯೇ ಅಪ್ಪ ಮಗುವನ್ನು ಎತ್ತಿಕೊಳ್ಳುತ್ತಾನೆ. ಹಾಲೂಡುವ ತಾಯಿಗೆ ಉಪದೇಶ ಹೇಳುವ ಮನೆಯವರು, ಆ ಉಪದೇಶದಲ್ಲಿ ಒಂದು ಪಾಲನ್ನು ಬೀಡಿ ಹಚ್ಚುವ ಗಂಡಸರ ಕಡೆಗೂ ತಿರುಗಿಸಬೇಕೆಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಸೌದೆ ಒಲೆಯ ಹೊಗೆ, ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಉರಿಯುವ ಸೊಳ್ಳೆಬತ್ತಿಯ ಹೊಗೆ, ಎಣ್ಣೆನೀರಿನ ಸ್ನಾನವಾದ ಮೇಲೆ ಕೂಸಿನ ತಲೆಯನ್ನು ಕೆಂಡದ ಮೇಲೆ ಹಿಡಿದು ಕೊಡುವ ಸಾಂಬ್ರಾಣಿಯ ಹೊಗೆ, ಇವೂ ಎಳೆಯ ಶ್ವಾಸಮಾರ್ಗಕ್ಕೆ ಹಿತವಾದವಲ್ಲ. ಸಾಂಬ್ರಾಣಿಯ ಪರಿಮಳದೊಡನೆ ಬಾಣಂತನದ ಎಷ್ಟೋ ಸವಿನೆನಪುಗಳು ಬೆಸೆದಿರುವುದನ್ನು ಬಲ್ಲೆ. ಆದರೂ ಕಿವಿ ಪದೇ ಪದೇ ಸೋರುವ ಮಗುವಿಗೆ ಮೃದುವಾದ ಒಣಬಟ್ಟೆಯಿಂದ ತಲೆಯೊರಸಿದರೆ ಸಾಕು. ಸ್ನಾನ ಮಾಡಿಸಿದವರು ನೀರು ತೆಗೆಯಲೆಂದು ಕೂಸಿನ ಮೂಗಿಗೂ ಕಿವಿಗೂ ಬಾಯಿಂದ ಊದುವ ರೂಢಿಯನ್ನಂತೂ ಬಿಡುವುದೇ ಲೇಸು. ದೊಡ್ಡವರ ಬಾಯಿಯ ರೋಗಾಣುಗಳನ್ನು ಮಗುವಿನ ಮೂಗಿಗೆ ಕಳುಹಿಸಲು ಅದಕ್ಕಿಂತ ನೇರವಾದ ದಾರಿಯಿಲ್ಲ.

ಅಳು ನಿಲ್ಲಿಸಲು ಬಾಯಿಗಿಡುವ ರಬ್ಬರು ತೊಟ್ಟಿನ ವಿಚಾರದಲ್ಲಿ ಫಿನ್ಲೆಂಡಿನ ಔಲು ನಗರದ ವೈದ್ಯರು 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದು ಸ್ಮರಣೀಯವಾದುದು. ಆರು ತಿಂಗಳಾದ ಮೇಲೆ ಅದನ್ನು ನಿದ್ರೆಗೆ ಜಾರುವ ಹೊತ್ತಿಗಷ್ಟೇ ಮಿತಗೊಳಿಸಬೇಕೆಂದು ತಾಯಂದಿರಿಗೆ ತಿಳಿಯಹೇಳಿದ್ದಷ್ಟರಿಂದಲೇ ಆ ಗುಂಪಿನ ಮಕ್ಕಳಲ್ಲಿ ಕಿವಿಯ ಸೋಂಕು 29 ಪ್ರತಿಶತ ಕಡಿಮೆಯಾಯಿತು. ಅದೇ ಊರಿನವರು ಜೈಲಿಟಾಲ್ ಎಂಬ ಸಿಹಿಪದಾರ್ಥದಿಂದಲೂ ಕಿವಿಯ ಸೋಂಕು ತಗ್ಗುತ್ತದೆಂದು ತೋರಿಸಿದ್ದುಂಟು. ಆದರೆ ದಿನಕ್ಕೆ ಐದು ಸಲ, ತಿಂಗಳುಗಟ್ಟಲೆ ಕೊಡಬೇಕಾದುದರಿಂದ ಅದು ಸಂಸಾರಗಳಲ್ಲಿ ನಡೆಯುವ ಮಾತಲ್ಲ.

ಕೈ ತೊಳೆಯುವುದನ್ನು ಹೇಳಿ ಹೇಳಿ ಮಾತೇ ಸವೆದಿದೆ. ಆದರೂ ನೆಗಡಿ ಕೈಯಿಂದ ಕೈಗೂ ಹರಡುವುದರಿಂದ, ಹೊರಗಿನಿಂದ ಬಂದವರು ಸೋಪು ಹಚ್ಚಿ ಕೈ ತೊಳೆದು ಕೂಸನ್ನು ಮುಟ್ಟುವುದು ಕಿವಿಯ ರಕ್ಷಣೆಯ ಮೊದಲ ಮೆಟ್ಟಿಲು. ಶಿಶುವಿಹಾರಕ್ಕೆ ಹಾಕಲೇಬೇಕಾದರೆ ಮಕ್ಕಳ ಸಂಖ್ಯೆ ಕಡಿಮೆಯಿರುವುದನ್ನು ಆರಿಸಿಕೊಳ್ಳುವುದು ಮೇಲು.

ಲಸಿಕೆಯ ಪಾಲು

ಕಿವಿಯ ಸೋಂಕಿಗೆ ಕಾರಣವಾಗುವ ನ್ಯುಮೊಕಾಕಸ್‌ನ ವಿರುದ್ಧದ ಲಸಿಕೆಯನ್ನು ಭಾರತ ಸರ್ಕಾರ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಆರಂಭಿಸಿ, 2021ರಲ್ಲಿ ದೇಶದಾದ್ಯಂತ ವಿಸ್ತರಿಸಿತು. ಆರನೆಯ ವಾರ, ಹದಿನಾಲ್ಕನೆಯ ವಾರ ಮತ್ತು ಒಂಬತ್ತನೆಯ ತಿಂಗಳು, ಹೀಗೆ ಮೂರು ಸಲ ಅದನ್ನು ಸರ್ಕಾರಿ ಆರೋಗ್ಯಕೇಂದ್ರಗಳಲ್ಲಿ ಉಚಿತವಾಗಿ ಹಾಕುತ್ತಾರೆ. ನ್ಯುಮೋನಿಯ, ಮಿದುಳುಪೊರೆಯ ಉರಿಯೂತಗಳಂಥ ಮಾರಕ ರೋಗಗಳನ್ನು ತಡೆಯುವುದೇ ಅದರ ಮುಖ್ಯೋದ್ದೇಶ.

ಕಿವಿಯ ಮಟ್ಟಿಗೆ ಅದರಿಂದ ಅತಿಯಾದದ್ದನ್ನು ನಿರೀಕ್ಷಿಸಬಾರದು. ಇಂಥ ಲಸಿಕೆಯನ್ನು ಕುರಿತು 2001ರಲ್ಲಿ ಹೊರಬಂದ ಫಿನ್ಲೆಂಡಿನ ಪರೀಕ್ಷೆಯಲ್ಲಿ, ಲಸಿಕೆಯೊಳಗಿದ್ದ ನ್ಯುಮೊಕಾಕಸ್ ತಳಿಗಳಿಂದ ಬರುವ ಕಿವಿಸೋಂಕು 57 ಪ್ರತಿಶತ ತಗ್ಗಿತಾದರೂ, ಎಲ್ಲ ಬಗೆಯ ಕಿವಿಸೋಂಕುಗಳನ್ನೂ ಒಟ್ಟಿಗೆ ಲೆಕ್ಕ ಹಿಡಿದಾಗ ಇಳಿಕೆ ಕೇವಲ 6 ಪ್ರತಿಶತ. ದಡಾರವೂ ಕಿವಿ ಸೋರಿಕೆಗೆ ಪ್ರಸಿದ್ಧ ಕಾರಣವಾದುದರಿಂದ ಅದರ ಎರಡು ಲಸಿಕೆಗಳು ತಪ್ಪಬಾರದು. ಆರು ತಿಂಗಳು ತುಂಬಿದ ಮೇಲೆ ವರ್ಷಕ್ಕೊಮ್ಮೆ ಕೊಡುವ ಫ್ಲೂ ಲಸಿಕೆಯಿಂದಲೂ ಕೊಂಚ ಪ್ರಯೋಜನವುಂಟು.

ಔಷಧ ಎಲ್ಲಿಯವರೆಗೆ

ಆರು ತಿಂಗಳಲ್ಲಿ ಮೂರು ಸಲ, ಅಥವಾ ವರ್ಷದಲ್ಲಿ ನಾಲ್ಕು ಸಲ ಮಧ್ಯಕರ್ಣದ ಸೋಂಕಾದರೆ ಅದನ್ನು ಮರುಕಳಿಸುವ ಸೋಂಕೆಂದು ವೈದ್ಯರು ಪರಿಗಣಿಸುತ್ತಾರೆ. ಹಿಂದೆ ಇಂಥ ಮಕ್ಕಳಿಗೆ, ಸೋಂಕು ಬಾರದಿರಲೆಂದೇ ತಿಂಗಳುಗಟ್ಟಲೆ ದಿನಕ್ಕೊಂದು ಸಣ್ಣ ಪ್ರಮಾಣದ ಆಂಟಿಬಯಾಟಿಕ್ ಕೊಡುವ ವಾಡಿಕೆಯಿತ್ತು. ಔಷಧ ನಿಲ್ಲಿಸಿದೊಡನೆ ಅದರ ಫಲವೂ ನಿಲ್ಲುವುದರಿಂದಲೂ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಗಳು ಬೆಳೆಯುವುದರಿಂದಲೂ ಆ ವಾಡಿಕೆಯನ್ನು ಈಗ ಕೈಬಿಡಲಾಗಿದೆ. ಹಳೆಯ ಚೀಟಿ ತೋರಿಸಿ ಔಷಧದ ಅಂಗಡಿಯಿಂದ ಅದೇ ಸಿರಪ್ಪನ್ನು ಮತ್ತೆ ತಂದು ಕುಡಿಸುವವರು ಇದನ್ನು ನೆನಪಿನಲ್ಲಿಡಬೇಕು. ನೆಗಡಿಗೆಂದು ಕೊಡುವ ತೂಕಡಿಕೆಯ ಸಿರಪ್ಪುಗಳು ಕಿವಿಯನ್ನು ಕಾಯುವುದಿಲ್ಲ.

ಕಾಯಿಸಿದ ಎಣ್ಣೆಯೂ ಅಷ್ಟೇ. ಅದು ತಮಟೆಯ ಹೊರಗೇ ನಿಲ್ಲುವುದರಿಂದ ಒಳಗಿನ ರೋಗವನ್ನು ಮುಟ್ಟದು; ತಮಟೆ ಸೀಳಿದ್ದರೆ ಒಳಹೊಕ್ಕು ಹಾನಿಮಾಡುತ್ತದೆ; ಬಿಸಿಯ ಅಂದಾಜು ತಪ್ಪಿದರೆ ಚರ್ಮ ಸುಡುತ್ತದೆ. ಕಿವಿಗೆ ಎದೆಹಾಲು ಹಿಂಡುವುದೂ ಬೇಡ. ಅದು ಬಾಯಿಂದ ಹೋದರಷ್ಟೇ ಸಾರ್ಥಕ. ಸೋರುವ ಕಿವಿಯನ್ನು ಶುಭ್ರವಾದ ಹತ್ತಿಬಟ್ಟೆಯ ಬತ್ತಿಯಿಂದ ದಿನಕ್ಕೆ ಮೂರು ನಾಲ್ಕು ಸಲ ಒರಸಿ ಒಣಗಿಸಿ, ವೈದ್ಯರಿಗೆ ತೋರಿಸುವುದೇ ಕ್ರಮ. ಆರು ತಿಂಗಳೊಳಗಿನ ಕೂಸಿಗೆ ಜ್ವರವಿದ್ದರೆ, ಕಿವಿಯ ಹಿಂದೆ ಊತವೆದ್ದು ಕಿವಿ ಮುಂದಕ್ಕೆ ಚಾಚಿಕೊಂಡಿದ್ದರೆ, ಮಗು ಮಂಕಾಗಿ ಕುತ್ತಿಗೆ ಸೆಟೆದುಕೊಂಡಿದ್ದರೆ ಒಂದು ಗಳಿಗೆಯೂ ತಡಮಾಡಬಾರದು.

ನೋವು ಜ್ವರ ಇಳಿದಾಕ್ಷಣ ರೋಗ ಮುಗಿಯಿತೆನ್ನುವಂತಿಲ್ಲ. ಸೋಂಕು ಶಮನವಾಗಿ ಒಂದು ತಿಂಗಳಾದ ಮೇಲೂ ನೂರರಲ್ಲಿ ಸುಮಾರು 40 ಮಕ್ಕಳ, ಮೂರು ತಿಂಗಳಾದ ಮೇಲೂ ಸುಮಾರು 10 ಮಕ್ಕಳ ಮಧ್ಯಕರ್ಣದಲ್ಲಿ ದ್ರವ ನಿಂತಿರುತ್ತದೆ. ನೋವಿಲ್ಲದ ಆ ದ್ರವ ಕಿವಿಯನ್ನು ಮಂದಗೊಳಿಸುತ್ತದೆ. ಅದೂ ಮಾತು ಕಲಿಯುವ ವಯಸ್ಸಿನಲ್ಲಿ. ಕರೆದರೆ ತಿರುಗಿ ನೋಡದ ಕೂಸನ್ನು ಹಠಮಾರಿಯೆಂದು ಗದರಿಸುವ ಮೊದಲು ಅದರ ಶ್ರವಣಶಕ್ತಿಯನ್ನು ಪರೀಕ್ಷಿಸಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ನಡೆದುಬಂದಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಅತ್ಯಂತ ಎಳೆಯ ಶಿಶುಗಳ ಶ್ರವಣಪರೀಕ್ಷೆಗೂ ಏರ್ಪಾಡಿದೆ. ದ್ರವ ತಿಂಗಳುಗಟ್ಟಲೆ ನಿಂತು ಕಿವಿ ಮಂದವಾದ ಮಕ್ಕಳಿಗೆ, ತಮಟೆಯಲ್ಲಿ ಗ್ರಾಮೆಟ್ ಎಂಬ ಪುಟ್ಟ ನಳಿಕೆಯನ್ನಿಡುವ ಶಸ್ತ್ರಕ್ರಿಯೆ ಉಪಕಾರಿ. ಕೇವಲ ಮರುಕಳಿಸುವ ಸೋಂಕಿಗಾಗಿ ಅದನ್ನು ಮಾಡಿಸುವುದರಿಂದ ಎರಡು ವರ್ಷಗಳ ಅವಧಿಯಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲವೆಂದು 2021ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪರೀಕ್ಷೆ ತಿಳಿಸುತ್ತದೆ. ಬಹುಪಾಲು ಮಕ್ಕಳಲ್ಲಿ, ತಲೆಬುರುಡೆ ಬೆಳೆದು ನಾಳ ಓರೆಯಾಗುತ್ತ ಬಂದಂತೆ, ಏಳು ವರ್ಷದ ಹೊತ್ತಿಗೆ ಈ ಬಾಧೆ ತಾನಾಗಿ ದೂರವಾಗುತ್ತದೆ.

ಅಲ್ಲಿಯವರೆಗೆ ಮನೆಯವರಲ್ಲಿ ನನ್ನ ವಿನಂತಿ ಇಷ್ಟೆ. ಹಾಲು ಬಿಡಿಸೆಂದು ತಾಯಿಗೆ ಹೇಳುವ ಮೊದಲು ಬಾಟಲಿಯನ್ನು ತೆಗೆದಿಡಿ, ಬೀಡಿಯನ್ನು ಬಿಡಿ, ತಾಯಿ ಕಾರ್ಡನ್ನು ತೆರೆದು ಒಂಬತ್ತನೆಯ ತಿಂಗಳ ಚುಚ್ಚುಮದ್ದಿನ ಎದುರು ತಾರೀಕು ಬಿದ್ದಿದೆಯೇ ಎಂದು ನೋಡಿ. ಬಿದ್ದಿಲ್ಲವಾದರೆ ಈ ವಾರವೇ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನೋ ಆರೋಗ್ಯಕೇಂದ್ರದ ದಾದಿಯನ್ನೋ ಕಂಡು ಕೇಳಿ.